ಓರೆಯೂರಿನ ಹಿತ್ತಲು

ನಮ್ಮ ಊರು ಗುಡ್ಡದ ಮಗ್ಗುಲಿಗೆ ಅಂಟಿಕೊಂಡ ಊರು. ಗುಡ್ಡದ ನೆತ್ತಿಯಲ್ಲಿ ಏನಿದೆ ಎಂದು ಹೋಗಿ ನೋಡಿದವರಿಲ್ಲ. ಬುಡ ಎಲ್ಲಿದೆ ಎಂದು ಬಂದು ಹೇಳಿದವರಿಲ್ಲ. ಮನೆಯ ಕೆಳಗೆ ಮನೆ, ಹಿತ್ತಲಿನ ಕೆಳಗೆ ಹಿತ್ತಲು, ಹೀಗೇ ಇಳಿಯುತ್ತಾ ಹೋಗುತ್ತದೆ. ಬೇರೆ ಊರುಗಳಲ್ಲಿ ನೂರೆಂಟು ಕಟ್ಟಳೆಗಳಿವೆಯಂತೆ. ನಮ್ಮಲ್ಲಿ ಇರುವುದು ಒಂದೇ. ಉರುಳಿದ್ದು ಕೆಳಗಿನವರದು.

ತೊಟ್ಟು ಕಳಚಿದ ಕುಂಬಳಕಾಯಿ ಉರುಳಿದರೆ ಕೆಳಗಿನ ಮನೆಯವರ ಹುಳಿಗೆ. ಕೈಜಾರಿದ ಚೊಂಬು ಕೆಳಗಿನ ಮನೆಯವರ ಬಚ್ಚಲಿಗೆ. ಮಳೆಗೆ ಕೊಚ್ಚಿಹೋದ ಮಣ್ಣು, ಹಾಕಿದ ಗೊಬ್ಬರ, ಬಿತ್ತಿದ ಬೀಜ, ಎಲ್ಲ ಕೆಳಗಿನವರದು. ಮೇಲಿನಿಂದ ಬಂದದ್ದನ್ನು ಕಣ್ಣಿಗೊತ್ತಿಕೊಂಡು ಒಳಗಿಡಬೇಕು. ಕೆಳಗೆ ಹೋದದ್ದಕ್ಕೆ ಕೈಮುಗಿದು ಬೆನ್ನು ತಿರುಗಿಸಬೇಕು. ಜಗಳವಿಲ್ಲ, ತಂಟೆಯಿಲ್ಲ. ಕಳೆದುಕೊಂಡಾಗ ಹೊಟ್ಟೆ ಉರಿಯುತ್ತಿತ್ತು, ನಿಜ. ಆದರೆ ಕೆಳಗಿನವರಿಗೂ ಕೆಳಗೆ ಒಬ್ಬರು ಇದ್ದೇ ಇದ್ದಾರಲ್ಲ ಎಂದುಕೊಂಡು ನಾವು ಊಟಕ್ಕೆ ಕೂರುತ್ತಿದ್ದೆವು.

ಮಕ್ಕಳಿಗೂ ಅದೇ ಕಟ್ಟಳೆ.

ಅದಕ್ಕೇ ನಮ್ಮಲ್ಲಿ ಹೆಸರಿಡುವ ದಿನವೇ ಗೂಟದ ಶಾಸ್ತ್ರ. ಗೂಟದಜ್ಜ ಬರುತ್ತಾನೆ, ಹಿತ್ತಲಿನ ಮೇಲ್ಬದಿಯಲ್ಲಿ ಗೂಟ ಹೊಡೆಯುತ್ತಾನೆ, ಹಗ್ಗದ ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿ ಮಗುವಿನ ಸೊಂಟಕ್ಕೆ. ಹೆಂಗಸರು ಹಾಡು ಹೇಳುತ್ತಾರೆ. ಮಗು ಅಳುತ್ತದೆ. ಬೆಳೆಯುತ್ತಾ ಅದು ಹಗ್ಗದ ಉದ್ದಕ್ಕೇ ಆಡುತ್ತದೆ, ಉಣ್ಣುತ್ತದೆ, ಮಲಗುತ್ತದೆ. ಇಳಿಜಾರಿನಲ್ಲಿ ನಿಲ್ಲಬೇಕಾದರೆ ಗುಡ್ಡದ ಕಡೆಯ ಮಂಡಿ ಮಡಿಸಿಕೊಂಡೇ ನಿಲ್ಲಬೇಕು. ಯಾರೂ ಹೇಳದೆ ಆ ಮಂಡಿ ತಾನಾಗಿ ಮಡಿಯುವುದನ್ನು ಕಲಿತ ದಿನ ಗೂಟದಜ್ಜ ಮತ್ತೆ ಬಂದು, ಮಗುವಿನ ಕಾಲು ಸವರಿ, "ಮಂಡಿ ಬಂತು" ಎಂದು ಕೂಗಿ ಹಗ್ಗ ಬಿಚ್ಚುತ್ತಾನೆ. ಆಮೇಲೆ ಸಾಯುವವರೆಗೂ ಆ ಮಂಡಿ ನೆಟ್ಟಗಾಗುವುದಿಲ್ಲ. ಅದನ್ನೇ ನಾವು ದೊಡ್ಡವರಾಗುವುದು ಎನ್ನುತ್ತಿದ್ದೆವು.

ನಮ್ಮ ಮನೆಗಳ ನೆಲವೂ ಇಳಿಜಾರೇ. ಮಂಚಗಳ ಕಾಲ್ದೆಸೆಯಲ್ಲಿ ಒಂದು ಅಡ್ಡಹಲಗೆ ಇರುತ್ತದೆ. ಅದಕ್ಕೆ ಪಾದ ಒತ್ತಿಕೊಂಡು ಮಲಗುತ್ತೇವೆ, ಇಲ್ಲದಿದ್ದರೆ ನಿದ್ದೆಯಲ್ಲಿ ಜಾರಿ ಹೋಗುತ್ತೇವೆ. ಕೊಡವನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸುವುದಿಲ್ಲ, ಚೆಲ್ಲುತ್ತದೆ. ತುಂಬಿದ ಕೊಡ ಹಾಡಿನಲ್ಲಿ ಬರುತ್ತದೆ, ಕಣ್ಣಿನಲ್ಲಿ ಕಂಡವರಿರಲಿಲ್ಲ. ನೀರು ಯಾಕೆ ಕೊಡದ ಒಂದು ಬದಿಗೇ ಏರಿ ನಿಲ್ಲುತ್ತದೆ ಎಂದು ಮಕ್ಕಳು ಕೇಳಿದರೆ ನಮ್ಮ ಉತ್ತರ ಸಿದ್ಧವಾಗಿತ್ತು. ನೆಲ ನೆಟ್ಟಗಿದೆ ಮಗ, ನೀರಿನ ಬುದ್ಧಿಯೇ ಓರೆ.

ಊರಿನ ನಡುವೆಲ್ಲೋ ಮಂಚ ಮಾಡುವವನ ಮನೆ. ಅವನ ಹೆಂಡತಿಯನ್ನು ನಾವು ಮೇಲ್ಮನೆಯವಳು ಎನ್ನುತ್ತಿದ್ದೆವು. ಅವಳ ಹಿತ್ತಲಿಗೆ ತಾಗಿದಂತೆ ಕೆಳಗಿದ್ದ ಹಿತ್ತಲಿನವಳು ಕೆಳಮನೆಯವಳು. ಒಬ್ಬರಿಗೊಬ್ಬರು ಅವರು ಮೇಲಿನಕ್ಕ, ಕೆಳಗಿನಕ್ಕ ಎಂದೇ ಕರೆದುಕೊಳ್ಳುತ್ತಿದ್ದರು.

ಮೇಲ್ಮನೆಯವಳಿಗೆ ಮೊದಲು ಹುಟ್ಟಿದ್ದು ಹೆಣ್ಣುಮಗು. ಅದಿನ್ನೂ ಅಂಬೆಗಾಲಿಡುವಾಗ ಹಗ್ಗ ಒರಳುಕಲ್ಲಿಗೆ ತಿಕ್ಕಿ ತಿಕ್ಕಿ ಸವೆದು ಒಂದು ದಿನ ಕಿತ್ತುಹೋಯಿತು. ಹೀರೆ ಬಳ್ಳಿಯ ಹೂವಿನ ಹಿಂದೆ ಹೋದ ಮಗು ಬೇಲಿ ದಾಟಿ ಉರುಳಿ ಕೆಳಮನೆಯವಳ ಬಸಳೆ ಚಪ್ಪರದಲ್ಲಿ ನಿಂತಿತು. ತಾಯಿ ಓಡಿಬಂದು ಅಂಚಿನಲ್ಲಿ ಬೋರಲು ಮಲಗಿ ಎರಡೂ ಕೈ ಚಾಚಿದಳು. ಕೆಳಮನೆಯವಳು ಮಗುವನ್ನು ಎತ್ತಿಕೊಂಡು ಮೈಯ ಮಣ್ಣು ಒರೆಸಿ, ಮೇಲಿನ ಆ ಕೈಗಳನ್ನು ನೋಡಿದಳು. ಕೆಟ್ಟ ಹೆಂಗಸಲ್ಲ ಅವಳು. ಅವಳ ಮಗನೂ ಹಿಂದೆ ಹೀಗೇ ಅವಳ ಹಿತ್ತಲಿನಿಂದ ಉರುಳಿ ಅದರ ಕೆಳಗಿನ ಮನೆಯವರ ಮಗನಾಗಿದ್ದ. ಅವಳು ಅಂದು ಕೈಮುಗಿದು ಬೆನ್ನು ತಿರುಗಿಸಿದ್ದಳು. ಇಂದು ಮಗುವಿನ ಪಾದವನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು.

ಮೇಲ್ಮನೆಯವಳು ಕೈಮುಗಿದಳು. ಬೆನ್ನು ತಿರುಗಿಸಲಿಲ್ಲ. ನಮ್ಮೂರಿನಲ್ಲಿ ಅಂಥದ್ದು ಅದೇ ಮೊದಲು. ನಾವು ನೋಡಿಯೂ ನೋಡದಂತೆ ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ಆ ಹುಡುಗಿ ಕೆಳಗಿನ ಹಿತ್ತಲಿನಲ್ಲಿ, ಕೆಳಮನೆಯ ಗೂಟಕ್ಕೆ ಕಟ್ಟಿಸಿಕೊಂಡು ಬೆಳೆಯಿತು. ಹೆತ್ತವಳು ಮೇಲಿನಿಂದ ನೋಡಬಹುದು, ಮಗಳೇ ಎನ್ನುವಂತಿಲ್ಲ. ಹಾಲುಹಲ್ಲು ಬಿದ್ದು ಬೇರೆ ಹಲ್ಲು ಹುಟ್ಟಿದರೂ ಹುಡುಗಿಯ ಹಗ್ಗ ಬಿಚ್ಚಲಿಲ್ಲ. ಮಂಡಿ ಬರಲಿಲ್ಲ. ಗೂಟದಜ್ಜ ಬಂದಾಗಲೆಲ್ಲ ಕಾಲು ಸವರಿ ತಲೆಯಾಡಿಸಿ, "ಇದು ಯಾವಾಗಲೂ ಮೇಲಕ್ಕೇ ಮುಖ ಮಾಡಿ ಕೂತಿರುತ್ತೆ, ಮಂಡಿ ಹೆಂಗೆ ಬರಬೇಕು" ಎಂದು ಬೈದು ಹೋಗುತ್ತಿದ್ದ.

ಅಷ್ಟರಲ್ಲಿ ಮೇಲ್ಮನೆಯವಳಿಗೆ ಗಂಡುಮಗು ಹುಟ್ಟಿತು. ಹೆಸರಿಡುವ ದಿನ ಗೂಟದಜ್ಜ ಗೂಟ ಹೊಡೆಯುವ ಮರದ ಕೊಡತಿ, ಗೂಟ, ಹೊಸ ಹಗ್ಗ ಹಿಡಿದು ಬಂದ.

"ಗೂಟ ಎಲ್ಲಿ ಹೊಡೀಲಿ ತಾಯಿ?"

"ಎಲ್ಲೂ ಬೇಡ ಅಜ್ಜ."

"ಬೇಡ ಅಂದ್ರೆ? ಮಗು ಉರುಳಿ ಹೋದ್ರೆ?"

"ಮಗು ಉರುಳೋದು ಮಗೂದು ತಪ್ಪಲ್ಲ. ನೆಲದ್ದು ತಪ್ಪು. ನಾನು ನೆಲಾನೇ ಸರಿ ಮಾಡ್ತೀನಿ."

ಹಾಡು ಹೇಳಲು ಬಂದಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ಗೂಟದಜ್ಜನಿಗೆ ಸಿಟ್ಟು ಬರಲಿಲ್ಲ, ನಗು ಬಂತು. "ಆಗಲಿ ತಾಯಿ. ಸದ್ಯಕ್ಕೆ ಗೂಟ ಇರಲಿ. ನಿನ್ನ ನೆಲ ಸರಿ ಆದ ದಿನ ನಾನೇ ಬಂದು ಕೀಳ್ತೀನಿ" ಎಂದು ಹೇಳಿ, ಎಂದಿಗಿಂತ ಎರಡು ಏಟು ಜಾಸ್ತಿಯೇ ಹೊಡೆದ.

ಮರುದಿನ ಬೆಳಕು ಹರಿಯುತ್ತಿದ್ದಂತೆ ಅವಳು ಗುದ್ದಲಿ ಹಿಡಿದಳು. ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲ. ಕರೆದಿದ್ದರೂ ನಾವು ಹೋಗುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಗಂಡ ಬಾಗಿಲಲ್ಲಿ ನಿಂತು ಕೇಳಿದ, "ಇಷ್ಟು ದೊಡ್ಡ ಹಿತ್ತಲನ್ನ ನೀನೊಬ್ಬಳೇ ಏನು ಮಾಡ್ತೀಯೇ?"

"ಮೇಲಿನ ಅರ್ಧ ಕಡೀತೀನಿ. ಕೆಳಗಿನ ಅರ್ಧಕ್ಕೆ ತುಂಬ್ತೀನಿ. ಅಷ್ಟೇ."

"ಊರಿನವರು ಏನಂದಾರು?"

"ನೀವು ಮಂಚ ಮಾಡಿ. ಊರಿನವರು ಮಲಗ್ಲಿ."

ಮೊದಲು ಮೇಲಿನ ಕಪ್ಪು ಮಣ್ಣನ್ನೆಲ್ಲ ಕೆರೆದು ಒಂದು ಬದಿಗೆ ಗುಡ್ಡೆ ಹಾಕಿದಳು. ಬೇರು ಬಿಡುವುದು ಆ ಮಣ್ಣಿನಲ್ಲೇ, ಅದು ಅಡಿಗೆ ಸೇರಿಬಿಟ್ಟರೆ ಮತ್ತೆ ಬಸಳೆ ಕೂಡ ಹುಟ್ಟುವುದಿಲ್ಲ. ಆಮೇಲೆ ಮೇಲ್ಬದಿಯ ಕೆಂಪು ಮಣ್ಣು ಕಡಿದು ಮಂಕರಿಯಲ್ಲಿ ಹೊತ್ತು ಕೆಳಬದಿಗೆ ಸುರಿದಳು. ಕಡಿಯುವಾಗ ಸಿಕ್ಕ ಕಲ್ಲುಗಳನ್ನು ಕೆಳಗಿನ ಅಂಚಿಗೆ ಹೊರಳಿಸಿ ಗೋಡೆ ಇಟ್ಟಳು. ಕಡಿದಳು, ತುಂಬಿದಳು, ತುಳಿದಳು. ಅಷ್ಟರಲ್ಲಿ ಕೂರಲು ಕಲಿತ ಮಗು ಹಗ್ಗದ ತುದಿಯಲ್ಲಿ ಮಣ್ಣು ತಿನ್ನುತ್ತಿತ್ತು. ಕೆಳಗಿನ ಹಿತ್ತಲಿನಲ್ಲಿ ಹುಡುಗಿ ಹಗ್ಗದ ತುದಿಯಲ್ಲಿ ಕೂತು ಮೇಲೆ ನೋಡುತ್ತಿತ್ತು.

ಕೆಲಸ ಮುಗಿಯಿತು ಎನಿಸಿದ ದಿನ ಅವಳು ಕಣ್ಣು ಕಿರಿದು ಮಾಡಿ ಆ ತುದಿಯಿಂದ ಈ ತುದಿಗೆ ನೋಡಿದಳು. ನೆಟ್ಟಗಿತ್ತು. ಗಂಡ ತನ್ನ ಉದ್ದನೆಯ ಹಲಗೆ ತಂದು ಒಂದು ತುದಿ ಮನೆಯ ನೆಲದ ಮೇಲೆ, ಇನ್ನೊಂದು ತುದಿ ಹಿತ್ತಲಿನ ಮೇಲೆ ಇಟ್ಟು ನೋಡಿದ. ಕೂದಲೆಳೆಯಷ್ಟೂ ಸಂದಿಲ್ಲ. ನಾವೂ ಬೇಲಿಯ ಹೊರಗಿನಿಂದ ಇಣುಕಿ ನೋಡಿ, ಹೆಂಗಸು ಗಟ್ಟಿಗಿತ್ತಿ, ನೆಟ್ಟಗೇ ಮಾಡಿದ್ದಾಳೆ ಎಂದೆವು. ನಮ್ಮ ಕಣ್ಣು ಹುಟ್ಟಿದಾಗಿನಿಂದ ಕಂಡ ನೆಟ್ಟಗೆ ಎಂದರೆ ಅದೇ ತಾನೆ. ಹಳೆಯ ಇಳಿಜಾರನ್ನು ಕಿತ್ತು ಅವಳು ಮನೆಯ ನೆಲದಷ್ಟೇ ಓರೆಯಾದ ಇನ್ನೊಂದು ಇಳಿಜಾರನ್ನು ಕಟ್ಟಿದ್ದಳು.

ಮಳೆ ಬಂತು. ಹಿತ್ತಲಿನ ನೀರೆಲ್ಲ ಗೋಡೆಯ ಒಂದೇ ಮೂಲೆಗೆ ಓಡಿತು. ಗೋಡೆಗೆ ಹೊಟ್ಟೆ ಬಂತು, ಬಿರಿಯಿತು, ಕಲ್ಲು ಮಣ್ಣು ಎಲ್ಲ ಧೋ ಎಂದು ಕೆಳಮನೆಯ ಹಿತ್ತಲಿಗೆ ಇಳಿಯಿತು. ಅವಳು ಕೆಸರಿನ ಅಂಚಿನಲ್ಲಿ ನಿಂತು ನೋಡಿದಳು. ಕೆಳಮನೆಯವಳು ಕೆಳಗಿನಿಂದ ನೋಡಿದಳು.

"ಮೇಲಿನಕ್ಕ, ಇದನ್ನ ಕಣ್ಣಿಗೊತ್ತಿಕೊಳ್ಳಲಾ ಬೇಡ್ವಾ ಗೊತ್ತಾಗ್ತಿಲ್ಲ."

"ಒತ್ತಿಕೋ. ಕಟ್ಟಳೆ ಅಲ್ವಾ. ನಾನು ಮತ್ತೆ ಅಗೀತೀನಿ."

ಹುಡುಗಿ ಕೆಸರಿನ ನಡುವೆ ನಿಂತು ಕೇಳಿತು, "ಯಾಕೆ ಬಿತ್ತು?"

ಮಗಳೇ ಎನ್ನುವಂತಿರಲಿಲ್ಲ. "ಓರೆ ಇತ್ತು. ನನ್ನ ಕಣ್ಣಿಗೆ ಕಾಣಲಿಲ್ಲ" ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು. ಅಂದು ಅವಳು ಅತ್ತಳು ಎಂದು ಗಂಡ ಆಮೇಲೆ ಹೇಳಿದ. ಅಳಬಾರದೇಕೆ, ಅಷ್ಟು ಮಣ್ಣು ಹೊತ್ತಿದ್ದಳು.

ಮಳೆ ಬಿಟ್ಟ ಮೇಲೂ ಎಷ್ಟೋ ದಿನ ಅವಳು ಗುದ್ದಲಿ ಮುಟ್ಟಲಿಲ್ಲ. ಸುಮ್ಮನೆ ಅಲ್ಲಿ ಇಲ್ಲಿ ನೋಡುತ್ತಾ ಕೂರುತ್ತಿದ್ದಳು. ತಣ್ಣಗಾದಳು ಎಂದುಕೊಂಡು ನಮಗೂ ಸಮಾಧಾನವಾಯಿತು. ಅವಳು ನೋಡುತ್ತಿದ್ದದ್ದು ನೀರನ್ನು. ಅಡುಗೆಮನೆಯ ಕೊಡದಲ್ಲಿ ನೋಡಿದಳು, ಬಚ್ಚಲಿನ ಹಂಡೆಯಲ್ಲಿ ನೋಡಿದಳು, ಹಿತ್ತಲಿನ ಹೊಂಡದಲ್ಲಿ ನೋಡಿದಳು, ಕೆಳಮನೆಯವಳ ಕಲ್ಲುಬಾನಿಯಲ್ಲಿ ಬಗ್ಗಿ ನೋಡಿದಳು. ಒಂದು ಸಂಜೆ ಊಟಕ್ಕೆ ಕೂತಿದ್ದ ಗಂಡನಿಗೆ ಹೇಳಿದಳು:

"ನೀರು ಓರೆ ಅಲ್ಲ."

"ಮತ್ತೆ?"

"ನಮ್ಮ ಅಡುಗೆಮನೆ ನೆಲ ಒಂದು ಥರ ಜಾರು, ಬಚ್ಚಲು ಇನ್ನೊಂದು ಥರ, ಹಿತ್ತಲು ಮತ್ತೊಂದು ಥರ. ನೀರು ಮಾತ್ರ ಎಲ್ಲ ಕಡೆ ಒಂದೇ ಥರ ನಿಂತಿದೆ. ಸುಳ್ಳು ಹೇಳೋರು ಒಂದೊಂದು ಕಡೆ ಒಂದೊಂದು ಹೇಳ್ತಾರೆ. ಇದು ಎಲ್ಲ ಕಡೆನೂ ಒಂದೇ ಮಾತು ಹೇಳ್ತಿದೆ. ಓರೆ ಇರೋರು ನಾವು."

ಗಂಡ ಎತ್ತಿದ ತುತ್ತನ್ನು ತಟ್ಟೆಗೆ ಇಟ್ಟ. "ಹಂಗಾದ್ರೆ ನಾನು ಮಾಡಿದ ಮಂಚ ಎಲ್ಲ..."

"ಹೂಂ."

ಆ ಮಾತು ಅವನಿಗೆ ನಾಟಿತು. ತಟ್ಟೆಯಲ್ಲಿ ಕೈತೊಳೆದು ಎದ್ದ. ಅವನ ಅಪ್ಪನೂ ಮಂಚ ಮಾಡಿದವನು, ಅಜ್ಜನೂ ಮಂಚ ಮಾಡಿದವನು. ಆದರೆ ಮರುದಿನ ಹಿತ್ತಲಿನ ನಡುವೆ ಉದ್ದನೆಯ ಹಲಗೆ ಬಿದ್ದಿತ್ತು. ಅದರ ಮೇಲೆ ಕೂರುವಂತೆ ಒಂದು ಹಿತ್ತಾಳೆ ತಟ್ಟೆಯನ್ನು ಅವನು ಗಟ್ಟಿಯಾಗಿ ಬಿಗಿದಿದ್ದ. ಹಲಗೆ ಯಾವ ಕಡೆ ವಾಲಿದೆಯೋ ಆ ಕಡೆ ತಟ್ಟೆಯ ನೀರು ಅಂಚಿಗೆ ಬರುತ್ತಿತ್ತು. ನೀರು ಸುತ್ತಲೂ ಒಂದೇ ಸಮ ಅಂಚು ಮುಟ್ಟಿದರೆ ಅಲ್ಲಿ ನೆಲ ಸರಿ.

ಅವಳು ಮತ್ತೆ ಕಡಿದಳು, ತುಂಬಿದಳು, ತುಳಿದಳು. ಒಂದೊಂದು ಪದರ ತುಂಬಿದಾಗಲೂ ತಟ್ಟೆಗೆ ನೀರು ಹಾಕಿ ಕೇಳಿದಳು. ನೀರು ಅಲ್ಲ ಎಂದರೆ ಕೆರೆದಳು, ಹೌದು ಎಂದರೆ ಮುಂದೆ ಹೋದಳು. ಊರಿನ ಯಾರ ಮಾತನ್ನೂ ಅವಳು ಅಷ್ಟು ಕೇಳಿದ್ದನ್ನು ನಾವು ಕಂಡಿರಲಿಲ್ಲ. ಗೋಡೆಯ ಕಲ್ಲುಗಳನ್ನು ಈ ಸಲ ಗುಡ್ಡದ ಕಡೆಗೆ ಒರಗಿಸಿ ಇಟ್ಟಳು. ಬೆನ್ನಿಗೆ ಸಣ್ಣ ಕಲ್ಲು ತುಂಬಿದಳು. ಅಲ್ಲಲ್ಲಿ ಸಂದಿ ಬಿಟ್ಟಳು, ನೀರು ಬಸಿದು ಹೋಗಲಿ, ಮಣ್ಣು ಉಳಿಯಲಿ ಎಂದು. ಗುದ್ದಲಿ ಹಿಡಿದು ಹಿಡಿದು ಅವಳ ಅಂಗೈ ಒರಟಾಯಿತು. ಸರಿಯಾದ ನೆಲದಲ್ಲಿ ನಿಂತು ನಿಂತು ಅವಳ ಮಂಡಿ ನೋಯತೊಡಗಿತು. ಮಡಿದೇ ಇದ್ದ ಮಂಡಿ ಬಿಚ್ಚುವ ನೋವು ಅದು. ಎಷ್ಟೋ ಸಲ ಗುಡ್ಡದ ಕಡೆಗೆ ಮುಗ್ಗರಿಸಿ ಬಿದ್ದಳು. ಎದ್ದು ಮತ್ತೆ ಮಂಕರಿ ಹೊತ್ತಳು.

ಗೂಟದಜ್ಜ ಬಂದ. ಈ ಸಲ ನಗಲಿಲ್ಲ.

"ಇದು ಸರಿಯಲ್ಲ ತಾಯಿ. ಗುಡ್ಡ ನಮ್ಮನ್ನೆಲ್ಲ ಮೈಮೇಲೆ ಹಾಕಿಕೊಂಡು ಮಲಗಿದೆ. ನೀನು ಅದರ ಪಕ್ಕೆಗೆ ಗುದ್ದಲಿ ಹಾಕ್ತಿದ್ದೀಯ. ಎಚ್ಚರ ಆಗಿ ಮಗ್ಗುಲು ಬದಲಾಯಿಸಿದ್ರೆ ಊರೇ ಉರುಳುತ್ತೆ."

"ಅದರ ಪಕ್ಕೆಗೆ ನೀನು ಹೊಡೆದಿರೋ ಗೂಟ ಎಣಿಸು ಅಜ್ಜ. ನನ್ನದು ಒಂದೇ ಗುದ್ದಲಿ."

"ಕೆಳಗಿನವರಿಗೆ ಸೇರಬೇಕಾದ ಮಣ್ಣು ತಡೀತಿದ್ದೀಯ. ಅದು ಕಳ್ಳತನ."

"ನನ್ನ ಹಿತ್ತಲಿನ ಮಣ್ಣು ನನ್ನ ಹಿತ್ತಲಿನಲ್ಲಿ ಇರೋದು ಕಳ್ಳತನವಾ?" ಎಂದು ಅವಳು ಕೇಳಿದಳು. ಅಜ್ಜ ಕೊಡತಿಯನ್ನು ಹೆಗಲು ಬದಲಾಯಿಸಿಕೊಂಡು ಹೊರಟುಹೋದ.

ಗೋಡೆ ಎದೆಯ ಮಟ್ಟಕ್ಕೆ ಬಂದಾಗ ಕೆಳಮನೆಯವಳಿಗೆ ಒಂದು ವಿಚಿತ್ರ ಕಂಡಿತು. ಕೆಲವು ಉದ್ದ ಕಲ್ಲುಗಳು ಗೋಡೆಯಿಂದ ಹೊರಗೆ, ಅವಳ ಹಿತ್ತಲಿನ ಕಡೆಗೆ, ಗೇಣುದ್ದ ಚಾಚಿಕೊಂಡಿದ್ದವು. ಒಂದು ಕೆಳಗೆ, ಅದಕ್ಕಿಂತ ಸ್ವಲ್ಪ ಮೇಲೆ ಓರೆಯಾಗಿ ಇನ್ನೊಂದು, ಅದಕ್ಕೂ ಮೇಲೆ ಮತ್ತೊಂದು.

"ಇವು ಯಾಕೆ ಹೊರಗೆ ಬಂದಿವೆ ಮೇಲಿನಕ್ಕ?"

"ಕಾಲಿಡೋಕೆ."

"ಯಾರ ಕಾಲು?"

"ಯಾರಿಗೆ ಬೇಕೋ ಅವರ ಕಾಲು."

ಕೆಳಮನೆಯವಳು ಹುಡುಗಿಯ ಕಡೆ ನೋಡಿದಳು. ಹುಡುಗಿ ಕಲ್ಲುಗಳ ಕಡೆ ನೋಡುತ್ತಿತ್ತು. ಕೆಳಮನೆಯವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹಿತ್ತಲು ಮುಗಿದ ದಿನ ಅವಳು ಬದಿಗಿಟ್ಟಿದ್ದ ಕಪ್ಪು ಮಣ್ಣನ್ನು ಮೇಲೆ ಹರಡಿದಳು. ನಡುವೆ ಒಂದು ಕೊಡ ಇಟ್ಟು ನೀರು ಹುಯ್ದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಮುಕ್ಕಾಲಾಯಿತು, ಕಂಠಕ್ಕೆ ಬಂತು, ಬಾಯಿಗೆ ಬಂತು. ಬೇಲಿಯ ಹೊರಗೆ ನಿಂತಿದ್ದ ನಾವು ಈಗ ಚೆಲ್ಲುತ್ತದೆ ಎಂದು ಹಿಂದೆ ಸರಿದೆವು. ನೀರು ಕೊಡದ ಬಾಯಿಯ ಸುತ್ತಲೂ ಮುಟ್ಟಿ ನಿಂತಿತು, ಒಂದು ತೊಟ್ಟು ಚೆಲ್ಲಲಿಲ್ಲ. ತುಂಬಿದ ಕೊಡವನ್ನು ನಾವು ಕಂಡದ್ದು ಅಂದೇ. ಆಮೇಲೆ ಅವಳು ಒಂದು ನಿಂಬೆಹಣ್ಣನ್ನು ನೆಲದ ಮೇಲೆ ಇಟ್ಟು ಕೈ ತೆಗೆದಳು. ಅದು ಇಟ್ಟಲ್ಲೇ ಇತ್ತು. ಕೆಲವರು ಹೆದರಿ ಕಣ್ಣು ಮುಚ್ಚಿಕೊಂಡರು.

ಆಮೇಲೆ ಮಗನ ಸೊಂಟದ ಹಗ್ಗ ಬಿಚ್ಚಿದಳು. ಮಗು ಒಂದು ಗಳಿಗೆ ಹಗ್ಗದ ತುದಿ ಎಲ್ಲಿ ಎಂದು ಕೈಯಾಡಿಸಿತು. ಸಿಗಲಿಲ್ಲ. ಎದ್ದು ನಿಂತಿತು. ಎರಡೂ ಮಂಡಿ ನೆಟ್ಟಗೆ ಮಾಡಿ ನಿಂತಿತು. ನಿಂಬೆಹಣ್ಣಿನ ಕಡೆಗೆ ನಡೆಯಿತು, ಬಿತ್ತು, ಬಿದ್ದಲ್ಲೇ ಉಳಿಯಿತು. ಬಿದ್ದ ಮಗು ಬಿದ್ದಲ್ಲೇ ಇರುವುದನ್ನು ಕಂಡು ಅವಳು ನಕ್ಕಳು, ನಗುತ್ತಾ ಅತ್ತಳು. ಗೂಟ ಕೀಳಲು ಅಜ್ಜ ಬರಲಿಲ್ಲ. ಅವಳೇ ಅಲುಗಾಡಿಸಿ ಅಲುಗಾಡಿಸಿ ಕಿತ್ತು, ಸಿಗಿದು, ಮಗುವಿನ ಸ್ನಾನದ ನೀರು ಕಾಯಿಸಲು ಒಲೆಗೆ ಹಾಕಿದಳು.

ಗೂಟದ ಹೊಗೆ ಊರಿಗೆಲ್ಲ ಕಂಡಿತು. ಇಷ್ಟಾದ ಮೇಲೆ ಸುಮ್ಮನಿರುವುದುಂಟೆ? ಮಾರನೆಯ ದಿನ ಗೂಟದಜ್ಜ ಮುಂದೆ, ಹಾರೆ ಪಿಕಾಸಿ ಹಿಡಿದು ನಾವು ಹಿಂದೆ, ಅವಳ ಹಿತ್ತಲಿನ ಬೇಲಿಗೆ ಬಂದು ನಿಂತೆವು. ಅವಳು ತುಂಬಿದ ಕೊಡದ ಪಕ್ಕ ಮಗನನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಗಂಡ ಜಗಲಿಯಲ್ಲಿ ಮಂಚವೊಂದರ ಅಡ್ಡಹಲಗೆ ಕೀಳುತ್ತಿದ್ದ, ತಲೆಯೆತ್ತಲಿಲ್ಲ.

"ಗೋಡೆ ಒಡೀಬೇಕು ಅಂತ ಊರು ತೀರ್ಮಾನ ಮಾಡಿದೆ" ಎಂದ ಅಜ್ಜ.

"ಬನ್ನಿ. ನನ್ನ ಹಿತ್ತಲಿನಲ್ಲಿ ನಿಂತು ಒಡೀರಿ."

ನಮ್ಮಲ್ಲಿ ಗಟ್ಟಿಯಾಳು ಒಬ್ಬ ಹಾರೆ ಹಿಡಿದು ಬೇಲಿ ದಾಟಿದ. ಕಾಲಿಟ್ಟ ಕೂಡಲೇ ಗುಡ್ಡದ ಕಡೆಯ ಮಂಡಿ ತಾನಾಗಿ ಮಡಿಯಿತು. ನೆಲ ಮಾತ್ರ ಆ ಕಡೆ ಏರಿ ಬರಲಿಲ್ಲ. ದೊಪ್ಪನೆ ಬಿದ್ದ. ಅವನನ್ನು ಎತ್ತಲು ಹೋದವನು ಅವನ ಮೇಲೆ ಬಿದ್ದ. ಪಿಕಾಸಿ ಬೀಸಿದವನು ಪಿಕಾಸಿಯ ಜೊತೆಗೇ ಸುತ್ತು ಹೊಡೆದು ಕೂತ. ಒಬ್ಬನಿಗೆ ತಲೆ ತಿರುಗಿ ವಾಂತಿಯಾಯಿತು. ನೆಲ ಓರೆ, ನೆಲ ಓರೆ ಎಂದು ನಾವು ಬೊಬ್ಬೆ ಹಾಕಿದೆವು. ಕಂಕುಳಿಂದ ಇಳಿದ ಮಗು ಬಿದ್ದವರ ನಡುವೆ ಪುಟುಪುಟು ನಡೆಯುತ್ತಾ ಒಬ್ಬೊಬ್ಬರ ಮುಖ ಮುಟ್ಟಿ ನೋಡಿತು. ಆ ಕ್ಷಣ ನಮಗಾದ ಅವಮಾನವನ್ನು ಈಗಲೂ ಮರೆತಿಲ್ಲ.

ಅಜ್ಜ ಮಾತ್ರ ಬೇಲಿ ದಾಟಿರಲಿಲ್ಲ. "ಮೇಲಿಂದ ಆಗದಿದ್ರೆ ಕೆಳಗಿಂದ ಒಡೀರೋ" ಎಂದು ಕೂಗಿದ. "ಮಣ್ಣು ಬರದೆ ನಷ್ಟ ಆಗಿರೋದು ಕೆಳಮನೆಯವಳಿಗೇ. ಅವಳ ಹಿತ್ತಲಿನಿಂದ ಬುಡಕ್ಕೆ ಹಾರೆ ಹಾಕಿ!"

ಆಗ ಗೋಡೆಯ ಆಚೆಯಿಂದ ಒಂದು ಸದ್ದು ಬಂತು. ಟೊಕ್. ಸ್ವಲ್ಪ ಬಿಟ್ಟು ಮತ್ತೆ, ಟೊಕ್. ಮರ ಕಲ್ಲಿಗೆ ತಾಗುವ ಸದ್ದು. ನಾವು ಬಿದ್ದಲ್ಲಿಂದಲೇ ಕತ್ತು ತಿರುಗಿಸಿದೆವು. ಮೊದಲು ಗೋಡೆಯ ಅಂಚಿನಲ್ಲಿ ಎರಡು ಪುಟ್ಟ ಕೈ ಕಂಡವು. ಆಮೇಲೆ ಕೆದರಿದ ತಲೆ. ಹುಡುಗಿ ಚಾಚುಕಲ್ಲುಗಳ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹತ್ತಿ ಬಂದಿತ್ತು. ಅಂಚಿಗೆ ಹೊಟ್ಟೆ ಒತ್ತಿ ತೆವಳಿ ಮೇಲೆ ಬಂದು ನಿಂತಿತು. ಎರಡೂ ಮಂಡಿ ನೆಟ್ಟಗಿದ್ದವು. ಸೊಂಟದಲ್ಲಿ ಹಗ್ಗ ಹಾಗೇ ಇತ್ತು, ಹಗ್ಗದ ತುದಿಯಲ್ಲಿ ಹಸಿಮಣ್ಣು ಮೆತ್ತಿದ ಗೂಟ ಎಳೆದುಕೊಂಡು ಬಂದಿತ್ತು.

ಹುಡುಗಿ ಹೆತ್ತವಳ ಮುಂದೆ ಬಂದು ನಿಂತಿತು. ಹೆತ್ತವಳು ಅದನ್ನು ಮುಟ್ಟಲಿಲ್ಲ. ಮುಟ್ಟುವ ಮೊದಲು ಅಜ್ಜನ ಕಡೆ ತಿರುಗಿದಳು.

"ಅಜ್ಜ, ಉರುಳಿದ್ದು ಕೆಳಗಿನವರದು. ಒಪ್ಪಿದೆ. ಮಗು ಹೋದಾಗಲೂ ಒಪ್ಪಿ ಕೈಮುಗಿದೆ. ಈಗ ಹೇಳು, ಹತ್ತಿ ಬಂದದ್ದು ಯಾರದ್ದು?"

ಅಜ್ಜ ನಮ್ಮ ಮುಖ ನೋಡಿದ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಊರಿನಲ್ಲಿ ಯಾವುದೂ ಎಂದೂ ಹತ್ತಿ ಬಂದಿರಲಿಲ್ಲ. ಆ ಮಾತಿಗೆ ನಮ್ಮಲ್ಲಿ ಕಟ್ಟಳೆಯೇ ಇರಲಿಲ್ಲ.

"ಗೂಟ ಹೆಂಗೆ ಬಂತು?" ಎಂದು ಅಜ್ಜ ಕೊನೆಗೆ ಕೇಳಿದ. "ನಾನು ಹೊಡೆದ ಗೂಟ. ಮಗು ಕೈಲಿ ಕೀಳೋಕೆ ಆಗಲ್ಲ. ಯಾರು ಕಿತ್ತಿದ್ದು?"

ಗೋಡೆಯ ಅಂಚಿನಲ್ಲಿ ಇನ್ನೆರಡು ಕೈ ಕಂಡವು. ದೊಡ್ಡವರ ಕೈ. ಅಂಗೈ ಸುಲಿದು ಕೆಂಪಾಗಿತ್ತು, ಉಗುರಿನ ತುಂಬ ಹಸಿಮಣ್ಣಿತ್ತು. ಕೆಳಮನೆಯವಳು ಏದುಸಿರು ಬಿಡುತ್ತಾ ಎದೆಯವರೆಗೆ ಮೇಲೆ ಬಂದು, ಅಲ್ಲಿಂದ ಮುಂದೆ ಬರಲು ಮಂಡಿ ಕೇಳದೆ, ಅಂಚನ್ನು ತಬ್ಬಿಕೊಂಡು ಚಾಚುಕಲ್ಲಿನ ಮೇಲೆಯೇ ನಿಂತಳು.

ಅಜ್ಜನಿಗೆ ಜೀವ ಬಂತು. "ಬಾ ತಾಯಿ, ನೀನೇ ಹೇಳು. ನಿನ್ನ ಮಗು ಇದು. ನಿನ್ನ ಪಾಲಿನ ಮಣ್ಣು ಇದು. ಕೊಡು ಅಂತ ಕೇಳು."

ಕೆಳಮನೆಯವಳು ಹುಡುಗಿಯನ್ನು ನೋಡಿದಳು. ಸಾಕಿದವಳು, ನೋಡದೆ ಇರುತ್ತಾಳೆಯೇ. ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

"ಉರುಳಿ ಬಂದದ್ದನ್ನ ಇಟ್ಟುಕೊಳ್ಳೋಕೆ ನನಗೆ ಹೇಳಿಕೊಟ್ಟಿದ್ರಿ ಅಜ್ಜ, ಇಟ್ಟುಕೊಂಡೆ. ಅದು ದಿನಾ ಮೇಲೆ ನೋಡ್ತಾ ಕೂತಿರೋದನ್ನ ನೋಡ್ತಾ ಇರೋದು ಹೆಂಗೆ ಅಂತ ನೀವು ಹೇಳಿಕೊಟ್ಟಿರಲಿಲ್ಲ. ನನ್ನ ಕೈಲಿ ಆಗಲಿಲ್ಲ."

ಆಗ ಮೇಲ್ಮನೆಯವಳು ಮಗಳನ್ನು ಬಾಚಿ ಅಪ್ಪಿಕೊಂಡಳು. ಮಗಳೇ ಎಂದಳು. ಗಟ್ಟಿಯಾಗಿ, ಇಡೀ ಇಳಿಜಾರಿಗೆ ಕೇಳುವಂತೆ, ಮತ್ತೆ ಮತ್ತೆ ಎಂದಳು. ಅವಳ ಗಂಡ ಉಳಿ ಹಿಡಿದು ಬಂದು ಹುಡುಗಿಯ ಸೊಂಟದ ಹಗ್ಗ ಕತ್ತರಿಸಿದ. ಯಾರೂ ತಡೆಯಲಿಲ್ಲ. ತಡೆಯಬೇಕೆಂದರೆ ನಾವು ಎದ್ದು ನಿಲ್ಲಬೇಕಿತ್ತು.

ಅಜ್ಜ ಹೊರಟ. ಹೋಗುವಾಗ ಕೊಡತಿಯನ್ನು ಊರುಗೋಲಿನಂತೆ ಊರಿಕೊಂಡು ಹೋದ. ನಾವು ಬೇಲಿಯವರೆಗೆ ತೆವಳಿ, ಬೇಲಿ ಹಿಡಿದು ಎದ್ದು, ನಮ್ಮ ಇಳಿಜಾರಿಗೆ ಕಾಲಿಟ್ಟೆವು. ಅಲ್ಲಿ ನಿಂತು ನಾನು ಒಮ್ಮೆ ಹಿಂತಿರುಗಿ ನೋಡಿದೆ, ಉಳಿದವರ ಮಾತು ನನಗೆ ಗೊತ್ತಿಲ್ಲ. ಕೆಳಮನೆಯವಳು ಇನ್ನೂ ಅಂಚು ತಬ್ಬಿಕೊಂಡೇ ನಿಂತಿದ್ದಳು. ಕಾಲಡಿಯ ಕಲ್ಲನ್ನು ತುಳಿದು ತುಳಿದು ನೋಡುತ್ತಿದ್ದಳು. ಕಲ್ಲು ಅಲುಗಲಿಲ್ಲ.

"ಮೇಲಿನಕ್ಕ, ಇದು ಬೀಳದ ಹಂಗೆ ಹೊರಗೆ ಚಾಚಿ ಹೆಂಗಿಟ್ಟೆ?"

"ಯಾಕೆ ಕೆಳಗಿನಕ್ಕ?"

ಕೆಳಮನೆಯವಳು ತಲೆ ತಿರುಗಿಸಿ ಕೆಳಗೆ ನೋಡಿದಳು. ತನ್ನ ಹಿತ್ತಲು, ಅದರ ಕೆಳಗಿನ ಹಿತ್ತಲು, ಅಲ್ಲಿ ಅವಳು ಎಂದೋ ಬೆನ್ನು ತಿರುಗಿಸಿ ಬಂದ ಬೇಲಿ.

"ನನ್ನ ಮಗ ಅಲ್ಲಿದ್ದಾನೆ" ಎಂದಳು.

ಮೇಲ್ಮನೆಯವಳು ಮಗಳನ್ನು ಕೆಳಗಿಳಿಸಿದಳು. ಗುದ್ದಲಿ ಎತ್ತಿ ಅದರ ಕಾವನ್ನು ಅಂಚಿನಾಚೆಗೆ ಚಾಚಿದಳು. ಹಿಂದೊಮ್ಮೆ ಬರಿಗೈ ಚಾಚಿದ್ದ ಜಾಗವೇ ಅದು.

"ಇದು ಹಿಡಿ. ಕಲ್ಲಿನ ವಿಷಯ ಆಮೇಲೆ" ಎಂದಳು. "ಮೊದಲು ಒಂದು ತಟ್ಟೆಯಲ್ಲಿ ನೀರು ತಗೊಂಡು ಬಾ."